ಬೀಗ ಹಾಕಿದ ಮನೆಗೂ ಕರೆಂಟ್ ಬಿಲ್ ಯಾಕೆ? ನಿಗದಿತ ಶುಲ್ಕದ ಲೆಕ್ಕ ಮತ್ತು ನ್ಯಾಯ

ಮೇನ್ ಸ್ವಿಚ್ ಇಳಿಸಿ, ಮನೆಗೆ ಬೀಗ ಹಾಕಿ ಮೂರು ತಿಂಗಳು ಊರಿಗೆ ಹೋಗಿ ಬನ್ನಿ. ಮೀಟರಿನ ಅಂಕಿ ಕದಲಿರುವುದಿಲ್ಲ, ಆದರೂ ಪ್ರತಿ ತಿಂಗಳ ಬಿಲ್ ಬಾಗಿಲ ಸಂದಿಯಲ್ಲಿ ಬಿದ್ದಿರುತ್ತದೆ. ಮಂಜೂರಾದ ಲೋಡ್ (ನಿಮ್ಮ ಮನೆಗೆಂದು ಕಂಪನಿ ಒಪ್ಪಿದ ಕರೆಂಟಿನ ಪ್ರಮಾಣ) 5 ಕಿಲೋವ್ಯಾಟ್ ಇದ್ದರೆ 2025-26ರ ದರದಲ್ಲಿ ತಿಂಗಳಿಗೆ 725 ರೂಪಾಯಿ. ವರ್ಷವಿಡೀ ಬೀಗ ತೆಗೆಯದಿದ್ದರೂ 8,700 ರೂಪಾಯಿ ಕಟ್ಟಬೇಕು. ಬಿಲ್ಲಿನಲ್ಲಿ ಇದಕ್ಕಿರುವ ಹೆಸರು ‘ನಿಗದಿತ ಶುಲ್ಕ’.

ಇದನ್ನು ಕಂಡು ಸಿಟ್ಟಾಗುವವರು ಬಹಳ. ಬಳಸದ ಕರೆಂಟಿಗೆ ದುಡ್ಡು ಯಾಕೆ ಎಂಬ ಪ್ರಶ್ನೆ ಸಹಜವೇ. ಆದರೆ ನಿಗದಿತ ಶುಲ್ಕ ಇರುವುದೇ ಅನ್ಯಾಯ ಎನ್ನಲಾಗದು. ಅದನ್ನು ಯಾವ ಅಳತೆಗೋಲಿನಿಂದ ಅಳೆಯುತ್ತಿದ್ದೇವೆ ಎಂಬುದರಲ್ಲಿ ಅನ್ಯಾಯವಿದೆ. ಈ ಎರಡು ಮಾತನ್ನು ಬೇರೆ ಮಾಡಿಕೊಂಡರೆ ಮಾತ್ರ ಬಿಲ್ ಅರ್ಥವಾಗುತ್ತದೆ, ಏನನ್ನು ಬದಲಿಸಬೇಕು ಎಂದು ಕೇಳುವುದೂ ಸಾಧ್ಯವಾಗುತ್ತದೆ.

ಬಿಲ್ಲಿನ ಎರಡು ಪಾಲು

ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ಸೆಸ್ಕ್, ಯಾವ ಕಂಪನಿಯ ಬಿಲ್ ಆದರೂ ಗೃಹಬಳಕೆಯ ದರ ಒಂದೇ. ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ 2025ರ ಮಾರ್ಚ್ 27ರಂದು ಮೂರು ವರ್ಷಗಳ ದರವನ್ನು ಒಟ್ಟಿಗೇ ಹೊರಡಿಸಿತು. 2025-26ಕ್ಕೆ ಪ್ರತಿ ಕಿಲೋವ್ಯಾಟ್ ಮಂಜೂರಾದ ಲೋಡಿಗೆ ತಿಂಗಳಿಗೆ 145 ರೂಪಾಯಿ ನಿಗದಿತ ಶುಲ್ಕ, ಬಳಸಿದ ಪ್ರತಿ ಯೂನಿಟ್‌ಗೆ 5.80 ರೂಪಾಯಿ. ಇದರ ಮೇಲೆ ವಿದ್ಯುತ್ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿಗೆಂದು ಯೂನಿಟ್‌ಗೆ 36 ಪೈಸೆ. ನಿಗದಿತ ಶುಲ್ಕ 2026-27ಕ್ಕೆ 150, 2027-28ಕ್ಕೆ 160 ಎಂದು ಆಗಲೇ ಗೊತ್ತುಮಾಡಲಾಗಿದೆ. ತೆರಿಗೆ ಮತ್ತು ಇಂಧನ ವೆಚ್ಚದ ಹೊಂದಾಣಿಕೆ ಬೇರೆ. ಅವು ತಿಂಗಳಿಂದ ತಿಂಗಳಿಗೆ ಬದಲಾಗಬಹುದಾದ್ದರಿಂದ ಇಲ್ಲಿನ ಲೆಕ್ಕಗಳಲ್ಲಿ ಸೇರಿಸಿಲ್ಲ. ಬೇರೆ ವರ್ಷ ಹೇಳದ ಕಡೆ ಲೆಕ್ಕಗಳೆಲ್ಲ 2025-26ರ ದರದವು.

ಬಿಲ್ಲಿನ ಮೇಲ್ಭಾಗದಲ್ಲಿ ಆರ್.ಆರ್. ಸಂಖ್ಯೆ, ಜಕಾತಿ (ದರದ ವರ್ಗ) ಇರುವಲ್ಲೇ ಮಂಜೂರಾದ ಪ್ರಮಾಣವನ್ನೂ ಕಿಲೋವ್ಯಾಟ್‌ನಲ್ಲಿ ಮುದ್ರಿಸಿರುತ್ತಾರೆ. ಅನೇಕರು ಅದನ್ನು ನೋಡುವುದೇ ಇಲ್ಲ. ನಿಗದಿತ ಶುಲ್ಕ ಹುಟ್ಟುವುದು ಆ ಅಂಕಿಯಿಂದ. ಮನೆಗೆ ಕರೆಂಟ್ ತೆಗೆದುಕೊಂಡ ದಿನ ‘ನನಗೆ ಇಷ್ಟು ಕಿಲೋವ್ಯಾಟ್ ಬೇಕು’ ಎಂದು ಅರ್ಜಿಯಲ್ಲಿ ಬರೆದ ಪ್ರಮಾಣ ಅದು. ಅಪಾರ್ಟ್‌ಮೆಂಟ್ ಆಗಿದ್ದರೆ ಕಟ್ಟಡ ಏಳುವಾಗಲೇ ಬಿಲ್ಡರ್ ಬರೆದದ್ದು. ಹಳೆಯ ಮನೆಯಾಗಿದ್ದರೆ ಅಪ್ಪನೋ ಅಜ್ಜನೋ ಬರೆದಿದ್ದು.

ಸಿದ್ಧವಾಗಿ ನಿಂತಿರುವುದಕ್ಕೂ ಖರ್ಚಿದೆ

ನಿಮ್ಮ ಮನೆಯಲ್ಲಿ ಸ್ವಿಚ್ ಒತ್ತಿದ ಕ್ಷಣ ದೀಪ ಹೊತ್ತಬೇಕಾದರೆ ಬೀದಿಯ ಟಿಸಿ (ಟ್ರಾನ್ಸ್‌ಫಾರ್ಮರ್), ಅದಕ್ಕೆ ಬರುವ 11 ಕೆವಿ ಲೈನು, ಸಬ್‌ಸ್ಟೇಷನ್, ಲೈನ್‌ಮನ್, ಇವೆಲ್ಲ ಆ ಕ್ಷಣಕ್ಕೆ ಸಿದ್ಧವಾಗಿರಬೇಕು. ನೀವು ಸ್ವಿಚ್ ಒತ್ತದ ದಿನವೂ ಅವುಗಳ ಸಾಲದ ಕಂತು, ಸಂಬಳ, ದುರಸ್ತಿ ನಿಲ್ಲುವುದಿಲ್ಲ.

ಇನ್ನೂ ಮೇಲಕ್ಕೆ ಹೋದರೆ ಇದೇ ಲೆಕ್ಕ ದೊಡ್ಡದಾಗಿ ಕಾಣುತ್ತದೆ. ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ ಎನ್‌ಟಿಪಿಸಿಯ 2,400 ಮೆಗಾವ್ಯಾಟ್ ಕಲ್ಲಿದ್ದಲು ಸ್ಥಾವರವಿದೆ. ಇಂಥ ಸ್ಥಾವರದಿಂದ ಕರೆಂಟ್ ಕೊಳ್ಳುವ ಒಪ್ಪಂದದಲ್ಲಿ ಎರಡು ಬೆಲೆ ಇರುತ್ತವೆ: ಸ್ಥಾವರ ಸಿದ್ಧವಾಗಿದ್ದುದಕ್ಕೆ ಸಾಮರ್ಥ್ಯ ಶುಲ್ಕ, ತೆಗೆದುಕೊಂಡ ಯೂನಿಟ್‌ಗೆ ಇಂಧನ ಶುಲ್ಕ. ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗದ ನಿಯಮದಂತೆ ಕಲ್ಲಿದ್ದಲು ಸ್ಥಾವರ ಸಾಮಾನ್ಯವಾಗಿ ಶೇ 85ರಷ್ಟು ಲಭ್ಯವಿದ್ದರೆ ಪೂರ್ತಿ ಸಾಮರ್ಥ್ಯ ಶುಲ್ಕಕ್ಕೆ ಅರ್ಹ. ಮಳೆಗಾಲದಲ್ಲಿ ಶರಾವತಿ ತುಂಬಿ ಹರಿಯುವಾಗ, ಗಾಳಿಯಂತ್ರಗಳು ಜೋರಾಗಿ ತಿರುಗುವಾಗ ಕಲ್ಲಿದ್ದಲ ಕರೆಂಟ್ ಬೇಡ ಎಂದರೂ ಸಿದ್ಧವಾಗಿ ಕೂತದ್ದಕ್ಕೆ ಕೊಡಲೇಬೇಕು. ನಿಮ್ಮ ಎಸ್ಕಾಂ (ಬೆಸ್ಕಾಂ, ಮೆಸ್ಕಾಂನಂಥ ವಿತರಣಾ ಕಂಪನಿ) ಮೇಲಿನವರಿಗೆ ಕಟ್ಟುವ ಬಿಲ್ಲಿನಲ್ಲಿಯೂ ‘ಬೀಗ ಹಾಕಿದ ಮನೆ’ಯ ಶುಲ್ಕವಿದೆ.

ಹೀಗೆ ಎರಡು ಪಾಲು ಮಾಡುವ ಪದ್ಧತಿ ಹೊಸದಲ್ಲ. ಬ್ರಿಟನ್ನಿನ ಎಂಜಿನಿಯರ್ ಜಾನ್ ಹಾಪ್ಕಿನ್ಸನ್ 1892ರಲ್ಲೇ ಇದರ ತರ್ಕವನ್ನು ಮುಂದಿಟ್ಟಿದ್ದರು: ಕರೆಂಟ್ ಉತ್ಪಾದಿಸಲು ಸಿದ್ಧವಾಗಿರುವ ಖರ್ಚು ಬೇರೆ, ಉತ್ಪಾದಿಸುವ ಖರ್ಚು ಬೇರೆ, ಗ್ರಾಹಕ ಎರಡನ್ನೂ ಬೇರೆ ಬೇರೆಯಾಗಿ ಕೊಡಬೇಕು. ಮೈಸೂರು ಸಂಸ್ಥಾನದಲ್ಲಿ 1902ರಲ್ಲಿ ಶಿವನಸಮುದ್ರದಿಂದ ಕೋಲಾರ ಚಿನ್ನದ ಗಣಿಗೆ ಕರೆಂಟ್ ಹರಿದಾಗ ದರ ಗೊತ್ತುಮಾಡಿದ್ದು ಯೂನಿಟ್‌ಗಲ್ಲ, ವರ್ಷಕ್ಕೆ ಒಂದು ಕುದುರೆಶಕ್ತಿಗೆ ಇಷ್ಟು ಎಂದು. ನಮ್ಮ ನಾಡಿನ ಮೊದಲ ದೊಡ್ಡ ಕರೆಂಟ್ ವ್ಯಾಪಾರ ನಡೆದದ್ದೇ ಸಾಮರ್ಥ್ಯದ ಲೆಕ್ಕದಲ್ಲಿ.

ಕಾನೂನಿನ ಬಲವೂ ಇದಕ್ಕಿದೆ. 2003ರ ವಿದ್ಯುತ್ ಕಾಯ್ದೆಯ 45ನೇ ಕಲಂ, ಬಳಸಿದ ವಿದ್ಯುತ್ತಿನ ಬೆಲೆಯ ಜೊತೆಗೆ ನಿಗದಿತ ಶುಲ್ಕವನ್ನೂ ವಸೂಲು ಮಾಡಲು ಅವಕಾಶ ಕೊಡುತ್ತದೆ. 2016ರ ರಾಷ್ಟ್ರೀಯ ದರ ನೀತಿ ಎರಡು ಪಾಲಿನ ದರವನ್ನು ಪ್ರೋತ್ಸಾಹಿಸುತ್ತದೆ. ಹಾಗಾಗಿ ‘ಈ ಶುಲ್ಕ ಕಾನೂನುಬಾಹಿರ’ ಎಂದು ವಾಟ್ಸ್ಯಾಪ್‌ನಲ್ಲಿ ಹರಿದಾಡುವ ಸಂದೇಶಗಳನ್ನು ನಂಬಿ ಬಿಲ್ ಕಟ್ಟದೆ ಕೂರಬೇಡಿ. ಕಟ್ಟದ ಮೊತ್ತಕ್ಕೆ ತಿಂಗಳಿಗೆ ಶೇ 1ರಂತೆ ಬಡ್ಡಿ ಬೀಳುತ್ತದೆ, ಫ್ಯೂಸ್ ಕಿತ್ತುಕೊಂಡು ಹೋಗುವುದು ಆಮೇಲಿನ ಮಾತು.

ಒಂದು ಯೂನಿಟ್ ಯಾರಿಗೆ ಎಷ್ಟಕ್ಕೆ ಬೀಳುತ್ತದೆ

ಈಗ ಲೆಕ್ಕಕ್ಕೆ ಬರೋಣ. ಯೂನಿಟ್ ದರ 5.80ಕ್ಕೆ ಪಿಂಚಣಿಯ 36 ಪೈಸೆ ಸೇರಿಸಿದರೆ 6.16 ರೂಪಾಯಿ.

1 ಕಿಲೋವ್ಯಾಟ್ ಲೋಡಿನ ಪುಟ್ಟ ಮನೆ, ತಿಂಗಳಿಗೆ 40 ಯೂನಿಟ್. ನಿಗದಿತ ಶುಲ್ಕ 145, ಯೂನಿಟ್‌ಗಳಿಗೆ 246.40, ಒಟ್ಟು 391.40. ಒಂದು ಯೂನಿಟ್ ಬಿದ್ದದ್ದು 9.79 ರೂಪಾಯಿಗೆ. ಬಿಲ್ಲಿನ ಶೇ 37ರಷ್ಟು ನಿಗದಿತ ಶುಲ್ಕ.

3 ಕಿಲೋವ್ಯಾಟ್ ಲೋಡಿನ ಮನೆ, ಬಳಕೆ 250 ಯೂನಿಟ್. ನಿಗದಿತ ಶುಲ್ಕ 435, ಯೂನಿಟ್‌ಗಳಿಗೆ 1,540, ಒಟ್ಟು 1,975. ಯೂನಿಟ್ 7.90ಕ್ಕೆ ಬಿತ್ತು.

5 ಕಿಲೋವ್ಯಾಟ್, 600 ಯೂನಿಟ್ ಬಳಸುವ ಮನೆಯಲ್ಲಿ ಒಟ್ಟು 4,421. ಯೂನಿಟ್ 7.37ಕ್ಕೆ.

ಇನ್ನು 3 ಕಿಲೋವ್ಯಾಟ್ ಮಂಜೂರಾಗಿದ್ದು, ಮಕ್ಕಳೆಲ್ಲ ದೂರದೂರಿಗೆ ಹೋಗಿ ಹಿರಿಯರಿಬ್ಬರೇ ಉಳಿದ ಮನೆ, 40 ಯೂನಿಟ್. ಒಟ್ಟು 681.40, ಯೂನಿಟ್ 17.04ಕ್ಕೆ. ಬಿಲ್ಲಿನ ಶೇ 64ರಷ್ಟು ನಿಗದಿತ ಶುಲ್ಕವೇ.

ಕಡಿಮೆ ಬಳಸಿದಷ್ಟೂ ಯೂನಿಟ್ ದುಬಾರಿ. ಫ್ಯಾನು, ದೀಪ ಆರಿಸಿ 10 ಯೂನಿಟ್ ಉಳಿಸಿದರೆ ಉಳಿಯುವುದು 61.60 ರೂಪಾಯಿ. ಮಿಕ್ಕದ್ದು ಎಷ್ಟು ಮಿತವ್ಯಯ ಮಾಡಿದರೂ ಅಲುಗುವುದಿಲ್ಲ. ನಿಗದಿತ ಶುಲ್ಕ ಏರಿದಷ್ಟೂ ಮಿತವ್ಯಯದ ಫಲ ಕರಗುತ್ತದೆ.

2025ರ ಬದಲಾವಣೆಯನ್ನು ಹಲವರು ‘ಯೂನಿಟ್ ದರ ಇಳಿಕೆ’ ಎಂದು ಓದಿದರು. ಅದಕ್ಕೂ ಮೊದಲು, 2024-25ರಲ್ಲಿ, ಕಿಲೋವ್ಯಾಟ್‌ಗೆ 120, ಯೂನಿಟ್‌ಗೆ 5.90 ಇತ್ತು. ಅಂದರೆ ಯೂನಿಟ್ ಮೇಲೆ 10 ಪೈಸೆ ಇಳಿಯಿತು, ಕಿಲೋವ್ಯಾಟ್ ಮೇಲೆ 25 ರೂಪಾಯಿ ಏರಿತು. ಏರಿದ 25 ರೂಪಾಯಿಯನ್ನು 10 ಪೈಸೆಯ ಇಳಿಕೆಯಿಂದ ಮರಳಿ ಪಡೆಯಬೇಕಾದರೆ ಪ್ರತಿ ಕಿಲೋವ್ಯಾಟ್‌ಗೆ ತಿಂಗಳಿಗೆ 250 ಯೂನಿಟ್ ಬಳಸಬೇಕು. 3 ಕಿಲೋವ್ಯಾಟ್ ಮನೆಗೆ 750 ಯೂನಿಟ್. ಮಂಜೂರಾದ ಲೋಡಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ಹಗಲೂ ರಾತ್ರಿ ಬಿಡದೆ ಎಳೆದಂತೆ ಅದು. ಸಾಧಾರಣ ಸಂಸಾರದ ಮನೆ ಆ ಮಟ್ಟ ಮುಟ್ಟುವುದಿಲ್ಲ. 36 ಪೈಸೆಯನ್ನೂ ಲೆಕ್ಕಕ್ಕೆ ಹಿಡಿದರೆ ಯಾರಿಗೂ ಇಳಿಕೆಯೇ ಇಲ್ಲ.

ಇನ್ನೊಂದು ವರ್ಷ ಹಿಂದಕ್ಕೆ ಹೋದರೆ ಭಾರ ಯಾವ ಕಡೆ ಸರಿಯಿತು ಎಂಬುದು ಕಣ್ಣಿಗೆ ಹೊಡೆದಂತೆ ಕಾಣುತ್ತದೆ. 2023-24ರಲ್ಲಿ ಕಿಲೋವ್ಯಾಟ್‌ಗೆ 110 ರೂಪಾಯಿ. 100 ಯೂನಿಟ್ ಒಳಗಿದ್ದವರಿಗೆ ಯೂನಿಟ್‌ಗೆ 4.75, 100 ದಾಟಿದರೆ ಅಷ್ಟೂ ಯೂನಿಟ್‌ಗೆ 7 ರೂಪಾಯಿ. 2024ರ ಆದೇಶ ಈ ಎರಡು ಹಂತಗಳನ್ನು ಅಳಿಸಿ ಒಂದೇ ದರ ಮಾಡಿತು. ಮೇಲಿನ 1 ಕಿಲೋವ್ಯಾಟ್, 40 ಯೂನಿಟ್ ಮನೆಯ ಬಿಲ್ ಆಗ 300 ರೂಪಾಯಿ ಇದ್ದದ್ದು 2025-26ರಲ್ಲಿ 391.40 ಆಯಿತು. 3 ಕಿಲೋವ್ಯಾಟ್, 250 ಯೂನಿಟ್ ಮನೆಯದು 2,080 ಇದ್ದದ್ದು 1,975ಕ್ಕೆ ಇಳಿಯಿತು. ಸಣ್ಣವನಿಗೆ ಶೇ 30 ಏರಿಕೆ, ಅವನಿಗಿಂತ ದೊಡ್ಡವನಿಗೆ ಶೇ 5 ಇಳಿಕೆ.

ಗೃಹಜ್ಯೋತಿಯ ಪರದೆ

ಇಷ್ಟು ದೊಡ್ಡ ಬದಲಾವಣೆ ಹೆಚ್ಚು ಸದ್ದು ಮಾಡದೆ ಹೋದದ್ದಕ್ಕೆ ಕಾರಣ ಗೃಹಜ್ಯೋತಿ. 2023ರ ಜುಲೈನಿಂದ ಜಾರಿಗೆ ಬಂದ ಈ ಯೋಜನೆಯಲ್ಲಿ 2022-23ರ ನಿಮ್ಮ ಸರಾಸರಿ ಬಳಕೆಗೆ ಶೇ 10 (ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇರುವವರಿಗೆ 2024ರಿಂದ 10 ಯೂನಿಟ್) ಸೇರಿಸಿ ಅರ್ಹ ಯೂನಿಟ್ ಗೊತ್ತುಮಾಡುತ್ತಾರೆ. ಗರಿಷ್ಠ 200. ಅದರೊಳಗಿದ್ದರೆ ಬಿಲ್ ಸೊನ್ನೆ, ನಿಗದಿತ ಶುಲ್ಕವನ್ನೂ ಸರ್ಕಾರವೇ ಎಸ್ಕಾಂಗೆ ತುಂಬಿಕೊಡುತ್ತದೆ. ಹೀಗಾಗಿ ಕಡಿಮೆ ಬಳಸುವವರ ಮೇಲೆ ಬಿದ್ದ ಏರಿಕೆ ಅವರ ಜೇಬಿಗೆ ತಟ್ಟದೆ ಖಜಾನೆಗೆ ತಟ್ಟುತ್ತಿದೆ.

ಈ ಪರದೆಗೆ ತೂತುಗಳಿವೆ. ಎರಡನೆಯ ಮನೆಯ ಮೀಟರಿಗೆ ಸೌಲಭ್ಯವಿಲ್ಲ, ನೋಂದಾಯಿಸದವರಿಗೆ ಇಲ್ಲ. 200 ದಾಟಿದವರಿಗೆ ಆ ತಿಂಗಳು ಏನೂ ಇಲ್ಲ. 3 ಕಿಲೋವ್ಯಾಟ್ ಮನೆಯ ಅರ್ಹತೆ 200 ಯೂನಿಟ್ ಇದೆ ಎಂದುಕೊಳ್ಳಿ. 200ಕ್ಕೆ ಬಿಲ್ ಸೊನ್ನೆ. 201ಕ್ಕೆ 435 ರೂಪಾಯಿ ನಿಗದಿತ ಶುಲ್ಕದ ಜೊತೆ 1,238.16 ಸೇರಿ 1,673.16 ರೂಪಾಯಿ. ಕೊನೆಯ ಒಂದು ಯೂನಿಟ್‌ಗೆ ಇಷ್ಟು ಬೆಲೆ. ಮುಂದೆ ಯಾವುದೇ ಸರ್ಕಾರ ಯೋಜನೆಯನ್ನು ಬಿಗಿ ಮಾಡಿದರೆ ಅಥವಾ ನಿಲ್ಲಿಸಿದರೆ ಬಡವರ ಕೈಗೆ ಸಿಗುವುದು 2023ರ ಹಳೆಯ ದರವಲ್ಲ, ಕಿಲೋವ್ಯಾಟ್‌ಗೆ 145, 150, 160ರ ದರ. ಸಬ್ಸಿಡಿ ಇದೆ ಎಂದು ದರದ ರಚನೆಯ ಕಡೆ ಕಣ್ಣು ಮುಚ್ಚಬಾರದು ಎನ್ನುವುದು ಇದಕ್ಕೇ.

ಅಳತೆಗೋಲು ಎಲ್ಲಿ ತಪ್ಪಿದೆ

ಕಂಪನಿಯ ಸ್ಥಿರ ಖರ್ಚನ್ನು ಬಿಡಿಸಿ ನೋಡಿದರೆ ಅದರಲ್ಲಿ ಮೂರು ಬಗೆ ಇವೆ. ಮೀಟರು, ಕಂಬದಿಂದ ಮನೆಗೆ ಬರುವ ಸರ್ವಿಸ್ ವೈರು, ರೀಡಿಂಗ್, ಬಿಲ್ ವಿತರಣೆ ಮೊದಲನೆಯದು. ಇದು ಮನೆಗೊಂದರಂತೆ ಬರುವ ಖರ್ಚು, ಅರಮನೆಗೂ ಗುಡಿಸಲಿಗೂ ಹೆಚ್ಚುಕಡಿಮೆ ಒಂದೇ, ಮೊತ್ತವೂ ಸಣ್ಣದು. ಟಿಸಿ, ಲೈನು, ಸಬ್‌ಸ್ಟೇಷನ್, ಸ್ಥಾವರದ ಸಾಮರ್ಥ್ಯ ಎರಡನೆಯದು. ಇದು ಎಲ್ಲರೂ ಒಟ್ಟಿಗೆ ಎಳೆಯುವ ಹೊತ್ತಿನ ಗರಿಷ್ಠ ಬೇಡಿಕೆಯನ್ನು ನೋಡಿ ಕಟ್ಟುವಂಥದು. ಮೂರನೆಯದು ಹಳೆಯ ಹೊಣೆಗಳು: ಪಿಂಚಣಿ ಬಾಕಿ, ಹಿಂದಿನ ವರ್ಷಗಳ ಕೊರತೆ, ಬಡ್ಡಿ. ಇವು ಯಾವ ಮನೆಯ ಲೋಡಿನಿಂದಲೂ ಹುಟ್ಟಿದ್ದಲ್ಲ.

ಮೊದಲನೆಯದನ್ನು ಪ್ರತಿ ಮನೆಯಿಂದ ಸಮನಾಗಿ ತೆಗೆದುಕೊಂಡರೆ ಯಾರೂ ಆಕ್ಷೇಪಿಸಲಾರರು. ಮೂರನೆಯದನ್ನು ಬಳಕೆಯ ಮೇಲೆ ಹಾಕುವುದು ಹೆಚ್ಚು ಸಮಂಜಸ. ಆ ಮಟ್ಟಿಗೆ ಪಿಂಚಣಿಯ ಪಾಲನ್ನು ಕಿಲೋವ್ಯಾಟ್ ಮೇಲೆ ಹೇರದೆ ಯೂನಿಟ್ ಮೇಲೆ ಇಟ್ಟದ್ದು ಸರಿಯಾದ ಕೆಲಸ. ತೊಡಕು ಇರುವುದು ಎರಡನೆಯದರಲ್ಲಿ.

ಒಂದು ಬೀದಿಯಲ್ಲಿ 40 ಮನೆ, ತಲಾ 3 ಕಿಲೋವ್ಯಾಟ್ ಮಂಜೂರಾಗಿದೆ. ಕಾಗದದ ಮೇಲೆ 120 ಕಿಲೋವ್ಯಾಟ್. ಆದರೆ ಆ ಬೀದಿಗೆ 120 ಕಿಲೋವ್ಯಾಟ್ ತಡೆಯುವ ಟಿಸಿ ಬೇಕಿಲ್ಲ. ಒಬ್ಬರು 6 ಗಂಟೆಗೆ ಗೀಸರ್ ಹಾಕಿದರೆ ಇನ್ನೊಬ್ಬರು 7ಕ್ಕೆ ಹಾಕುತ್ತಾರೆ. ಒಬ್ಬರು ಮಿಕ್ಸಿ ತಿರುಗಿಸುವಾಗ ಪಕ್ಕದವರು ಇಸ್ತ್ರಿ ಮಾಡುತ್ತಿರುತ್ತಾರೆ, ಆಚೆ ಮನೆಯವರು ಮಲಗಿರುತ್ತಾರೆ. ಒಟ್ಟು ಬೇಡಿಕೆ ಕಾಗದದ ಲೆಕ್ಕಕ್ಕಿಂತ ಬಹಳ ಕೆಳಗೇ ನಿಲ್ಲುತ್ತದೆ. ಎಂಜಿನಿಯರುಗಳು ಟಿಸಿ ಗಾತ್ರ ಗೊತ್ತುಮಾಡುವಾಗ ಈ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಬಿಲ್ ಮಾತ್ರ ಕಾಗದದ ಅಂಕಿಯನ್ನೇ ಹಿಡಿಯುತ್ತದೆ.

ಆ 40 ಮನೆಗಳಲ್ಲಿ ಎರಡನ್ನು ಹತ್ತಿರದಿಂದ ನೋಡಿ. ಒಂದರಲ್ಲಿ ಹಿರಿಯ ದಂಪತಿ, ಬಿಸಿನೀರಿಗೆ ಸೋಲಾರ್. ಮೀಟರಿನಲ್ಲಿ ದಾಖಲಾದ ಗರಿಷ್ಠ ಬೇಡಿಕೆ 1.1 ಕಿಲೋವ್ಯಾಟ್. ಇನ್ನೊಂದರಲ್ಲಿ ಒಂದೂವರೆ ಟನ್ ಎಸಿ, 3 ಕಿಲೋವ್ಯಾಟ್ ಗೀಸರ್, ಇಂಡಕ್ಷನ್ ಒಲೆ. ದಾಖಲಾದ ಬೇಡಿಕೆ 2.9. ಟಿಸಿಯ ಮೇಲೆ ಎರಡನೆಯ ಮನೆ ಹಾಕುವ ಭಾರ ಮೊದಲನೆಯದರ ಎರಡೂವರೆ ಪಟ್ಟಿಗಿಂತ ಹೆಚ್ಚು. ಇಬ್ಬರಿಗೂ ನಿಗದಿತ ಶುಲ್ಕ 435 ರೂಪಾಯಿ. ಅನ್ಯಾಯ ಇರುವುದು ಇಲ್ಲಿ.

ಎಚ್‌ಟಿ (ಹೈ ಟೆನ್ಷನ್) ಸಂಪರ್ಕದ ಕಾರ್ಖಾನೆಗಳಿಗೆ ಹೀಗಿಲ್ಲ. ಅವರಿಗೆ ಆ ತಿಂಗಳು ದಾಖಲಾದ ಬೇಡಿಕೆ ಅಥವಾ ಒಪ್ಪಂದದ ಬೇಡಿಕೆಯ ಗೊತ್ತುಮಾಡಿದ ಪಾಲು, ಯಾವುದು ಹೆಚ್ಚೋ ಅದರ ಮೇಲೆ ಶುಲ್ಕ. ಮನೆಗಳಿಗೆ ಆ ಪದ್ಧತಿ ಬರದಿದ್ದುದಕ್ಕೆ ಹಿಂದೆ ಕಾರಣವಿತ್ತು, ಚಕ್ರ ತಿರುಗುವ ಹಳೆಯ ಮೀಟರಿಗೆ ಗರಿಷ್ಠ ಬೇಡಿಕೆ ಅಳೆಯಲು ಬರುತ್ತಿರಲಿಲ್ಲ. ಡಿಜಿಟಲ್ ಮೀಟರುಗಳು ಅಳೆಯುತ್ತವೆ, ಸ್ಮಾರ್ಟ್ ಮೀಟರುಗಳು ಗಂಟೆ ಗಂಟೆಯ ಲೆಕ್ಕ ಇಡುತ್ತವೆ. ಆ ಕಾರಣ ಈಗ ಉಳಿದಿಲ್ಲ.

ಶುಲ್ಕವೇ ಬೇಡ ಎಂದರೆ

ನಿಗದಿತ ಶುಲ್ಕ ತೆಗೆದುಹಾಕಿ ಎಲ್ಲವನ್ನೂ ಯೂನಿಟ್ ಮೇಲೆ ಹಾಕಿ ಎನ್ನುವವರಿದ್ದಾರೆ. ಕೇಳಲು ಹಿತವಾಗಿದೆ. ಆದರೆ ಮೇಲ್ಛಾವಣಿ ಸೋಲಾರ್ ಹಾಕಿದ ಮನೆಯನ್ನು ಯೋಚಿಸಿ. ಹಗಲು ಗ್ರಿಡ್‌ಗೆ ಕೊಟ್ಟದ್ದು, ರಾತ್ರಿ ಗ್ರಿಡ್‌ನಿಂದ ತೆಗೆದುಕೊಂಡದ್ದು ಸರಿಸಮ ಆದರೆ ನಿವ್ವಳ ಬಳಕೆ ಸೊನ್ನೆ. ಆದರೂ ಅದೇ ಟಿಸಿ, ಅದೇ ಲೈನು ಅವರಿಗಾಗಿ ದಿನವಿಡೀ ಎರಡೂ ದಿಕ್ಕಿಗೆ ದುಡಿದಿರುತ್ತದೆ. ಯೂನಿಟ್ ಮೇಲೆ ಮಾತ್ರ ವಸೂಲಾದರೆ ಆ ಖರ್ಚಿನ ಭಾರ ಸೋಲಾರ್ ಹಾಕಲು ಸ್ವಂತ ಚಾವಣಿಯೇ ಇಲ್ಲದ ಬಾಡಿಗೆದಾರನ ಮೇಲೆ ಬೀಳುತ್ತದೆ. ವರ್ಷಕ್ಕೆ ಹತ್ತು ದಿನ ತೆರೆಯುವ ತೋಟದ ಬಂಗಲೆಗೂ ಇದೇ ಮಾತು.

ಸೋಲಾರ್ ಹಾಕುವವರು ಇನ್ನೊಂದು ವಿಷಯ ತಿಳಿದಿರಬೇಕು. 2024ರ ಕೇಂದ್ರ ನಿಯಮಗಳ ಪ್ರಕಾರ 10 ಕಿಲೋವ್ಯಾಟ್‌ವರೆಗಿನ ಅರ್ಜಿಗೆ ತಾಂತ್ರಿಕ ಪರಿಶೀಲನೆಯ ತಡೆಯಿಲ್ಲ, ಅಗತ್ಯವಿದ್ದರೆ ಮಂಜೂರಾದ ಲೋಡನ್ನು ಕಂಪನಿಯೇ ಏರಿಸುತ್ತದೆ. 2 ಕಿಲೋವ್ಯಾಟ್ ಲೋಡಿನ ಮನೆ 5 ಕಿಲೋವ್ಯಾಟ್ ಸೋಲಾರ್ ಹಾಕಿ ಲೋಡೂ 5ಕ್ಕೆ ಏರಿದರೆ ನಿಗದಿತ ಶುಲ್ಕ 290ರಿಂದ 725ಕ್ಕೆ ಹೋಗುತ್ತದೆ. ಸೋಲಾರ್ ಮಾರುವವರು ತೋರಿಸುವ ಉಳಿತಾಯದ ಪಟ್ಟಿಯಲ್ಲಿ ವರ್ಷಕ್ಕೆ 5,220 ರೂಪಾಯಿಯ ಈ ಹೆಚ್ಚುವರಿ ಶುಲ್ಕ ಇದೆಯೇ ಎಂದು ಕೇಳಿ ನೋಡಿ.

ಬೇರೆಯವರು ಹೇಗೆ ಮಾಡಿದ್ದಾರೆ? ದೆಹಲಿಯ ಆಯೋಗ 2018ರಲ್ಲಿ ನಿಗದಿತ ಶುಲ್ಕವನ್ನು 2 ಕಿಲೋವ್ಯಾಟ್‌ವರೆಗೆ ಕಿಲೋವ್ಯಾಟ್‌ಗೆ 125 ರೂಪಾಯಿಗೆ ಏರಿಸಿತ್ತು. ಜನರ ವಿರೋಧದ ನಂತರ 2019ರಲ್ಲಿ ಅದನ್ನು 20ಕ್ಕೆ ಇಳಿಸಿತು. 2ರಿಂದ 5 ಕಿಲೋವ್ಯಾಟ್‌ವರೆಗೆ 50, 5ರಿಂದ 15ರವರೆಗೆ 100, ಹೀಗೆ ಲೋಡ್ ಹೆಚ್ಚಿದಂತೆ ಪ್ರತಿ ಕಿಲೋವ್ಯಾಟ್‌ನ ಬೆಲೆಯೂ ಏರುತ್ತದೆ. 3 ಕಿಲೋವ್ಯಾಟ್ ಮನೆ ಆ ಆದೇಶದಂತೆ 150 ಕೊಟ್ಟರೆ ನಮ್ಮಲ್ಲಿ 435. ಅದರಲ್ಲೂ ಊನವಿದೆ: 5 ಕಿಲೋವ್ಯಾಟ್‌ಗೆ 250 ಇರುವುದು 6 ಆದೊಡನೆ 600ಕ್ಕೆ ಜಿಗಿಯುತ್ತದೆ. ಕೇರಳದಲ್ಲಿ ಮನೆಗಳ ನಿಗದಿತ ಶುಲ್ಕ ಬಳಕೆಯ ಹಂತದ ಮೇಲೆ ನಿಂತಿದೆ, ಕಡಿಮೆ ಬಳಸಿದವರಿಗೆ ಕಡಿಮೆ. ಮಹಾರಾಷ್ಟ್ರದಲ್ಲಿ ಸಂಪರ್ಕಕ್ಕೆ ಇಷ್ಟು ಎಂದು. ತಮಿಳುನಾಡು 2022ರಲ್ಲಿ ಮನೆಗಳಿಗೆ ಅದನ್ನು ಕೈಬಿಟ್ಟಿತು.

ಬ್ರಿಟನ್ನಿನಲ್ಲಿರುವ ಕನ್ನಡಿಗರಿಗೆ ಇದು ದಿನದ ಲೆಕ್ಕದಲ್ಲಿ ಬರುತ್ತದೆ, ಕರೆಂಟಿಗೊಂದು, ಗ್ಯಾಸಿಗೊಂದು. ಲೋಡ್ ನೋಡುವುದಿಲ್ಲ, ಇರುವ ಪ್ರದೇಶ ನೋಡುತ್ತಾರೆ. 2021-22ರಲ್ಲಿ ಸಾಲುಸಾಲಾಗಿ ಮುಚ್ಚಿದ ಕಂಪನಿಗಳ ಗ್ರಾಹಕರನ್ನು ಬೇರೆಡೆಗೆ ಸೇರಿಸಿದ ಖರ್ಚನ್ನೂ ಇದಕ್ಕೇ ಹಾಕಿದ್ದರಿಂದ ಅಲ್ಲಿ ದೊಡ್ಡ ಗಲಾಟೆಯಾಯಿತು. ಹಣ ಮೊದಲೇ ತುಂಬಿಸುವ ಮೀಟರ್ ಇದ್ದವರ ಪಾಡು ಇನ್ನೂ ಕಷ್ಟ: ಬೇಸಿಗೆಯಲ್ಲಿ ಗ್ಯಾಸ್ ಮುಟ್ಟದಿದ್ದರೂ ದಿನದಿನದ ಶುಲ್ಕ ಸಾಲವಾಗಿ ಕೂಡುತ್ತ ಹೋಗುತ್ತದೆ. ಚಳಿ ಶುರುವಾದಾಗ ತುಂಬಿಸಿದ ಹಣ ಮೊದಲು ಆ ಸಾಲಕ್ಕೆ ಮುರಿದುಕೊಂಡು ಆಮೇಲೆ ಒಲೆ ಹೊತ್ತುತ್ತದೆ. ಪ್ರೀಪೇಯ್ಡ್ ಸ್ಮಾರ್ಟ್ ಮೀಟರಿನ ಕಡೆ ಹೊರಟಿರುವ ನಾವು ಇದನ್ನು ಈಗಲೇ ಗಮನಿಸಬೇಕು.

ನಮ್ಮ ಮಟ್ಟಿಗೆ ಸರಿ ಕಾಣುವ ದಾರಿ ಇದು: ಮೊದಲ 1 ಕಿಲೋವ್ಯಾಟ್‌ಗೆ ಸಣ್ಣ ಶುಲ್ಕ, ಅದರ ಮೇಲೆ ಮಂಜೂರಾದ ಲೋಡಿನ ಬದಲು ದಾಖಲಾದ ಬೇಡಿಕೆಗೆ ಶುಲ್ಕ. ದಾಖಲಾದ ಬೇಡಿಕೆಯೂ ಪರಿಪೂರ್ಣ ಅಳತೆಯಲ್ಲ. ಮನೆಯಲ್ಲಿ ಮದುವೆ ನಡೆದ ಒಂದು ದಿನ ಇಡೀ ತಿಂಗಳನ್ನು ಕೆಡಿಸಬಹುದು, ಸಿಲಿಂಡರ್ ಮುಗಿದು 2 ಕಿಲೋವ್ಯಾಟ್ ಇಂಡಕ್ಷನ್ ಒಲೆ ಹಿಡಿದ ಬಡ ಮನೆಗೆ ಪೆಟ್ಟು ಬೀಳಬಹುದು. ಆದರೆ ಎಂದೋ ಬರೆದಿಟ್ಟ ಅಂಕಿಗಿಂತ ಅದು ನಿಜಕ್ಕೆ ಹತ್ತಿರ.

ನಿಮ್ಮ ಲೋಡ್ ತಗ್ಗಿಸುವುದು ಹೇಗೆ

ನಿಯಮ ಬದಲಾಗುವವರೆಗೆ ಕೈಯಲ್ಲಿರುವ ದಾರಿ ಮಂಜೂರಾದ ಲೋಡನ್ನು ನಿಜಕ್ಕೆ ತಂದುಕೊಳ್ಳುವುದು. 4ರಿಂದ 2 ಕಿಲೋವ್ಯಾಟ್‌ಗೆ ಇಳಿದರೆ ತಿಂಗಳಿಗೆ 290, ವರ್ಷಕ್ಕೆ 3,480 ರೂಪಾಯಿ ಉಳಿತಾಯ. ಸದಾ ಸೊನ್ನೆ ಬಿಲ್ ಬರುವವರಿಗೆ ಇದರ ಅವಸರವಿಲ್ಲ. 200 ದಾಟುವವರು, ಎರಡನೆಯ ಮನೆ ಇರುವವರು ನೋಡಲೇಬೇಕು.

ಮೊದಲು 12 ತಿಂಗಳ ಬಿಲ್ ತೆಗೆದಿಟ್ಟುಕೊಂಡು ‘ದಾಖಲಿತ ಬೇಡಿಕೆ’ ಎಂಬ ಸಾಲು ನೋಡಿ. ಬಿಲ್ಲಿನಲ್ಲಿ ಅದು ಖಾಲಿ ಇದ್ದರೆ ಮೀಟರಿನ ಗುಂಡಿ ಒತ್ತುತ್ತ ಹೋಗಿ, ಯೂನಿಟ್ ಆದಮೇಲೆ ಎಂ.ಡಿ. ಎಂಬ ಗುರುತಿನೊಂದಿಗೆ ಕಿಲೋವ್ಯಾಟ್ ಅಂಕಿ ಬರುತ್ತದೆ. ತಿಂಗಳ ರೀಡಿಂಗ್ ಆದಮೇಲೆ ಅದು ಹೊಸದಾಗಿ ಶುರುವಾಗುವುದರಿಂದ ರೀಡಿಂಗ್ ದಿನದ ಹಿಂದಿನ ದಿನ ಬರೆದಿಟ್ಟುಕೊಳ್ಳಿ. ಚಳಿಗಾಲದ ಗೀಸರ್ ತಿಂಗಳುಗಳು, ಬೇಸಿಗೆಯ ಎಸಿ ತಿಂಗಳುಗಳು ಎರಡೂ ಇರಬೇಕು, ಮೂರು ತಿಂಗಳ ಅಂಕಿ ನೋಡಿ ನಿರ್ಧರಿಸಬೇಡಿ.

ಈ ಅಂಕಿ ಒಂದು ಕ್ಷಣದ ಎಳೆತವಲ್ಲ, 15 ಅಥವಾ 30 ನಿಮಿಷದ ಸರಾಸರಿ. 3 ಕಿಲೋವ್ಯಾಟ್ ಗೀಸರ್ 10 ನಿಮಿಷ ಓಡಿದರೆ 30 ನಿಮಿಷದ ಸರಾಸರಿಯಲ್ಲಿ ಅದು 1 ಕಿಲೋವ್ಯಾಟ್, 15 ನಿಮಿಷದ ಸರಾಸರಿಯಲ್ಲಿ 2. ಗೀಸರ್ ಆರಿಸಿದ ಮೇಲೆ ಇಸ್ತ್ರಿ ಪೆಟ್ಟಿಗೆ ಹಚ್ಚುವುದು, 1 ಎಚ್‌ಪಿ ಪಂಪನ್ನು (746 ವ್ಯಾಟ್) ಅಡುಗೆ ಮುಗಿದ ಮೇಲೆ ಓಡಿಸುವುದು, ಇಷ್ಟರಿಂದಲೇ ಗರಿಷ್ಠ ಬೇಡಿಕೆ ಗಣನೀಯವಾಗಿ ತಗ್ಗುತ್ತದೆ.

ವರ್ಷದ ಗರಿಷ್ಠ 1.6 ಬಂದಿದ್ದರೆ 2ಕ್ಕೆ ಅರ್ಜಿ ಹಾಕಿ. 1.9 ಬಂದಿದ್ದರೆ 2 ಸಾಲದು, 3 ಇರಲಿ. ತೀರಾ ಬಿಗಿಯಾಗಿ ಇಳಿಸಿಕೊಂಡು ಮತ್ತೆ ಮತ್ತೆ ಮೀರಿದರೆ ಹೆಚ್ಚುವರಿ ಲೋಡ್ ಸಕ್ರಮಕ್ಕೆ ನೋಟಿಸ್, ದಂಡ, ಠೇವಣಿ ಎಲ್ಲವೂ ಬರುತ್ತವೆ. ಸ್ಮಾರ್ಟ್ ಮೀಟರ್ ಇರುವವರಿಗೆ 2023ರ ಕೇಂದ್ರ ತಿದ್ದುಪಡಿಯಲ್ಲಿ ಒಂದು ರಕ್ಷಣೆ ಇದೆ: ಆರ್ಥಿಕ ವರ್ಷದಲ್ಲಿ ಕನಿಷ್ಠ ಮೂರು ಸಲ ಮೀರಿದರೆ ಮಾತ್ರ ಲೋಡ್ ಏರಿಸಬೇಕು, ಮೀಟರ್ ಹಾಕುವುದಕ್ಕೆ ಮುಂಚಿನ ಅವಧಿಗೆ ದಂಡ ಹಾಕುವಂತಿಲ್ಲ.

ಅರ್ಜಿ ಕೊಡುವುದು ನಿಮ್ಮ ಉಪವಿಭಾಗದ ಕಚೇರಿಗೆ, ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್ ಹೆಸರಿಗೆ. ಇತ್ತೀಚಿನ ಬಿಲ್, ಗುರುತಿನ ಚೀಟಿ, ಮನೆಯ ದಾಖಲೆ ಬೇಕು. ಪರವಾನಗಿ ಇರುವ ವಿದ್ಯುತ್ ಗುತ್ತಿಗೆದಾರರ ವರದಿಯನ್ನೂ ಕೇಳಬಹುದು. ಅರ್ಜಿ ಸಿಕ್ಕಿಬೀಳುವುದು ಹೆಚ್ಚಾಗಿ ಎರಡು ಕಡೆ. ಆರ್.ಆರ್. ಸಂಖ್ಯೆ ಇನ್ನೂ ತೀರಿಹೋದ ಹಿರಿಯರ ಅಥವಾ ಮನೆ ಮಾರಿದವರ ಹೆಸರಲ್ಲಿದ್ದರೆ ಮೊದಲು ಹೆಸರು ಬದಲಾವಣೆ ಆಗಬೇಕು. ಹಳೆಯ ಬಾಕಿ ಒಂದು ರೂಪಾಯಿ ಇದ್ದರೂ ಕಡತ ಮುಂದೆ ಹೋಗದು. ಕೊಟ್ಟ ಅರ್ಜಿಗೆ ಸ್ವೀಕೃತಿ ಪಡೆಯದೆ ಬರಬೇಡಿ. ಮುಂದಿನ ಬಿಲ್ಲುಗಳಲ್ಲಿ ಅಂಕಿ ಬದಲಾಗದಿದ್ದರೆ 1912ಕ್ಕೆ ದೂರು ಕೊಡಲು, ಆಮೇಲೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಗೆ ಹೋಗಲು ಆಧಾರ ಅದೊಂದೇ.

ದರದ ರಚನೆಯನ್ನೇ ಪ್ರಶ್ನಿಸಬೇಕೆಂದರೆ ಜಾಗ ಆಯೋಗ. ದರದ ಅರ್ಜಿ ಪ್ರಕಟವಾದ ಮೇಲೆ ಯಾವ ಗ್ರಾಹಕನೂ ಲಿಖಿತ ಆಕ್ಷೇಪಣೆ ಕೊಡಬಹುದು, ಬಹಿರಂಗ ವಿಚಾರಣೆಯಲ್ಲಿ ಮಾತಾಡಬಹುದು, ಅದಕ್ಕೆ ವಕೀಲರು ಬೇಕಿಲ್ಲ. ‘ದರ ಏರಿಸಬೇಡಿ’ ಎಂಬ ಒಂದೇ ಸಾಲು ಅಲ್ಲಿ ನಿಲ್ಲುವುದಿಲ್ಲ. ನಿಮ್ಮ 12 ತಿಂಗಳ ದಾಖಲಿತ ಬೇಡಿಕೆ, ಮಂಜೂರಾದ ಲೋಡ್, ಕಟ್ಟಿದ ನಿಗದಿತ ಶುಲ್ಕ, ಈ ಮೂರು ಕಾಲಂಗಳ ಪಟ್ಟಿಯನ್ನು ಲಗತ್ತಿಸಿ. ಮನೆಗಳ ಒಟ್ಟು ಮಂಜೂರಾದ ಲೋಡ್ ಎಷ್ಟು, ಗರಿಷ್ಠ ಬೇಡಿಕೆಯ ಹೊತ್ತಿನಲ್ಲಿ ಅವು ನಿಜಕ್ಕೂ ಎಳೆದದ್ದು ಎಷ್ಟು ಎಂದು ಕಂಪನಿಯನ್ನು ಕೇಳಿ.